ಮೂತ್ರಪಿಂಡದೊಳಗಿನ ಉರಿ



ಅಂಗಾಲಿಗೆ ಒಂದು ಜಾಲಿಯ ಮುಳ್ಳು ನಾಟಿ ಮುರಿದುಕೊಂಡರೆ ಏನಾಗುವುದೆಂಬುದು ನಮಗೆಲ್ಲರಿಗೂ ಅನುಭವದಿಂದ ತಿಳಿದ ಸಂಗತಿ. ಮರುದಿನದ ಹೊತ್ತಿಗೆ ಆ ಎಡೆ ಕೆಂಪಾಗುತ್ತದೆ, ಬಿಸಿಯೇರುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಗ್ರಂಥಕರ್ತನು ಈ ನಾಲ್ಕು ಲಕ್ಷಣಗಳನ್ನು ಒಟ್ಟುಗೂಡಿಸಿ ಬರೆದಿಟ್ಟನು. ನಮ್ಮ ಭಾಷೆಯಲ್ಲಿ ‘ಉರಿಯೂತ’ ಎಂಬ ಒಂದೇ ಮಾತಿನಲ್ಲಿ ಉರಿಯೂ ಊತವೂ ಎರಡೂ ಅಡಗಿವೆ. ಮೈಯ ಹೊರಭಾಗದಲ್ಲಿ ಈ ಉರಿ ಹೊತ್ತಿಕೊಂಡರೆ ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ಎಚ್ಚರಿಕೆಯಾಗುತ್ತದೆ. ಆದರೆ ಇದೇ ಉರಿ ಮೂತ್ರಪಿಂಡದೊಳಗೆ ಹೊತ್ತಿಕೊಂಡರೆ? ಆ ಕೆಂಪನ್ನು ನೋಡುವವರಾರು? ಮೂತ್ರಪಿಂಡದ ಒಳತಿರುಳಿಗೆ ನೋವೆಂಬುದೇ ಹೆಚ್ಚಾಗಿ ತಿಳಿಯದು. ಮನೆಯೊಳಗೆ ಬೆಂಕಿ ಬಿದ್ದಿದ್ದರೂ ಹೊರಗೆ ಹೊಗೆ ಕಾಣದಂಥ ಸ್ಥಿತಿ ಅದು. ಈ ಗುಪ್ತವಾದ ಉರಿ ಏಕೆ ಹತ್ತುತ್ತದೆ, ಅದನ್ನು ಹತ್ತಿಸುವವರು ಯಾರು, ಆರಿಸುವವರು ಯಾರು ಎಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ವಿಷಯವನ್ನು ಒಂದು ದೃಷ್ಟಾಂತದಿಂದ ಪ್ರಾರಂಭಿಸೋಣ. ಇದು ಯಾವ ಊರಿನ ಯಾವ ಮನೆಯಲ್ಲಿಯಾದರೂ ನಡೆಯಬಹುದಾದ ಸಂಗತಿ. ಏಳು ವರ್ಷದ ಹುಡುಗನೊಬ್ಬನಿಗೆ ಕಾಲಿನ ಮೇಲೆಲ್ಲ ಕಜ್ಜಿ. ಮಕ್ಕಳಿಗೆ ಕಜ್ಜಿ ಆಗದೆ ಇರುವುದುಂಟೆ ಎಂದು ಮನೆಯವರು ಅದನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಹುಡುಗನು ಕೆರೆದುಕೊಳ್ಳುತ್ತಾನೆ, ಕೀವಾಗುತ್ತದೆ, ಹಕ್ಕಳೆಗಟ್ಟುತ್ತದೆ, ಒಣಗುತ್ತದೆ. ಅದೆಲ್ಲ ಮರೆತುಹೋದ ಮೇಲೆ, ಮೂರು ನಾಲ್ಕು ವಾರಗಳು ಕಳೆದು, ಒಂದು ಬೆಳಗ್ಗೆ ಅವನ ಕಣ್ಣಿನ ರೆಪ್ಪೆಗಳು ಬಾತುಕೊಂಡಿರುತ್ತವೆ. ಅಜ್ಜಿಯು ದೃಷ್ಟಿ ತಾಗಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಮಧ್ಯಾಹ್ನಕ್ಕೆ ಮುಖದ ಬಾವು ಸ್ವಲ್ಪ ಇಳಿಯುತ್ತದೆ. ದೃಷ್ಟಿ ಹೋಯಿತೆಂದು ಸಮಾಧಾನವಾಗುತ್ತದೆ. ಆದರೆ ಹುಡುಗನು ಬಿಡುವ ಮೂತ್ರ ಕಡಮೆಯಾಗಿದೆ; ಅದರ ಬಣ್ಣ ಹಾಲು ಬೆರಸದ ಕಾಫಿಯಂತೆ ಕಪ್ಪಾಗಿದೆ. ಇದನ್ನು ಹುಡುಗನಲ್ಲದೆ ಬೇರೆ ಯಾರೂ ನೋಡಿಲ್ಲ. ಅವನಿಗೆ ಅದು ಹೇಳಬೇಕಾದ ವಿಷಯವೆಂದು ತೋರಿಲ್ಲ.

ಕಾಲಿನ ಕಜ್ಜಿಗೂ ಹೊಟ್ಟೆಯ ಹಿಂಬದಿಯಲ್ಲಿ ಬೆನ್ನಿಗೆ ಅಂಟಿಕೊಂಡಿರುವ ಮೂತ್ರಪಿಂಡಕ್ಕೂ ಎಲ್ಲಿಯ ಸಂಬಂಧ? ವಾಸಿಯಾದ ಹುಣ್ಣು ಮೂರು ವಾರ ಬಿಟ್ಟು ಇನ್ನೊಂದು ಅಂಗದಲ್ಲಿ ಕೇಡನ್ನು ಮಾಡುವುದೆಂದರೇನು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದುದರಿಂದಲೇ ನಮ್ಮ ಶರೀರದ ರಕ್ಷಣಾಬಲದ ವಿಚಾರವಾಗಿ ಎಷ್ಟೋ ತತ್ತ್ವಗಳು ಹೊರಬಿದ್ದವು.

ಮೊದಲು ಅಂಗದ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಎರಡು ಮೂತ್ರಪಿಂಡಗಳ ತೂಕ ಒಟ್ಟು ದೇಹದ ತೂಕದಲ್ಲಿ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಆದರೂ ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇವುಗಳಿಗೇ ಸಲ್ಲುತ್ತದೆ. ನಿಮಿಷ ಒಂದಕ್ಕೆ ಸುಮಾರು ಒಂದು ಲೀಟರಿಗಿಂತ ತುಸು ಹೆಚ್ಚು. ಒಂದೊಂದು ಪಿಂಡದಲ್ಲಿಯೂ ಹೆಚ್ಚುಕಡಮೆ ಹತ್ತು ಲಕ್ಷ ಸೋಸುವ ಯಂತ್ರಗಳಿವೆ. ಯಂತ್ರದ ತಲೆಯ ಕಡೆ ಕೂದಲಿಗಿಂತ ಎಷ್ಟೋ ಸಣ್ಣದಾದ ರಕ್ತನಾಳಗಳು ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತವೆ. ಇದಕ್ಕೆ ವೈದ್ಯರು ಗ್ಲೊಮೆರುಲಸ್ ಎನ್ನುತ್ತಾರೆ. ನಾವು ‘ನಾಳಗುಚ್ಛ’ ಎನ್ನೋಣ. ಇದರ ಅಗಲ ಒಂದು ಮಿಲಿಮೀಟರಿನ ಐದರಲ್ಲಿ ಒಂದು ಪಾಲು ಮಾತ್ರ. ಗುಚ್ಛದಿಂದ ಮುಂದಕ್ಕೆ ಒಂದು ಉದ್ದವಾದ, ಡೊಂಕುಡೊಂಕಾದ ಕಾಲುವೆ. ಗುಚ್ಛಕ್ಕೂ ಕಾಲುವೆಗೂ ಇರುವ ಈ ಸಂಬಂಧವನ್ನು ೧೮೪೨ರಲ್ಲಿ ಲಂಡನ್ನಿನ ವಿಲಿಯಂ ಬೌಮನ್ ಎಂಬಾತನು ಸ್ಪಷ್ಟವಾಗಿ ತೋರಿಸಿಕೊಟ್ಟನು.

ಗುಚ್ಛದಲ್ಲಿ ದಿನಕ್ಕೆ ಸುಮಾರು ೧೮೦ ಲೀಟರು ನೀರು ಸೋಸಿ ಕೆಳಗಿಳಿಯುತ್ತದೆ. ಅದರಲ್ಲಿ ಬಹುಪಾಲನ್ನು ಕಾಲುವೆಯ ಗೋಡೆಯ ಜೀವಕಣಗಳು ಹಿಂದಕ್ಕೆ ಹೀರಿ ರಕ್ತಕ್ಕೆ ಸೇರಿಸುವುವು. ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಗುಚ್ಛದ ಜರಡಿಗೆ ಮೂರು ಪದರಗಳಿವೆ. ರಕ್ತಕ್ಕೆ ತಗಲಿದಂತೆ ತೂತುತೂತಾದ ಒಳಪೊರೆಯ ಕಣಗಳು. ಅದರ ಹೊರಗೆ ಜೀವಕಣಗಳಿಲ್ಲದ ಒಂದು ತೆಳುವಾದ ಆಧಾರಪೊರೆ. ಅದಕ್ಕೂ ಹೊರಗೆ ಆಲದ ಬಿಳಲುಗಳಂತೆ ನೂರಾರು ಪಾದಗಳನ್ನು ಚಾಚಿ ನಾಳವನ್ನು ತಬ್ಬಿಕೊಂಡಿರುವ ‘ಪಾದಕಣ’ಗಳು. ನಾಳಗಳ ನಡುವೆ ಅವುಗಳನ್ನು ಕಟ್ಟಿ ಹಿಡಿಯುವ ಇನ್ನೊಂದು ಜಾತಿಯ ಕಣಗಳುಂಟು; ಮೆಸಾಂಜಿಯಲ್ ಕಣಗಳೆಂದು ಇವುಗಳ ಹೆಸರು. ಒಂದಿಷ್ಟು ಹೆಸರುಗಳು ಬಂದುವಲ್ಲಾ ಎಂದು ಬೇಸರಪಡಬೇಡಿರಿ. ಮುಂದೆ ಬರುವ ಕಥೆಯಲ್ಲಿ ಪಾತ್ರಧಾರಿಗಳು ಇವರೇ.

ಇನ್ನು ರಕ್ಷಣಾಬಲದ ವಿಚಾರ. ೧೮೮೨ರಲ್ಲಿ ರಷ್ಯದ ಮೆಚ್ನಿಕಾಫನು ಮೆಸ್ಸಿನ ಪಟ್ಟಣದಲ್ಲಿ ಸಮುದ್ರತಾರೆಯ ಮರಿಗೆ ಮುಳ್ಳನ್ನು ಚುಚ್ಚಿಟ್ಟು, ಮರುದಿನ ನೋಡುವಾಗ ಅದರ ಸುತ್ತ ಅಲೆಯುವ ಕಣಗಳು ಮುತ್ತಿಕೊಂಡಿದ್ದುವು. ಪರವಸ್ತುವನ್ನು ಹಿಡಿದು ನುಂಗುವ ಈ ಕಣಗಳ ಸಂತತಿಯೇ ನಮ್ಮ ರಕ್ತದ ಬಿಳಿಯ ಕಣಗಳು. ಇವುಗಳ ಜೊತೆಗೆ ರಕ್ತದ ದ್ರವದಲ್ಲಿ ಎರಡು ಬಗೆಯ ಆಯುಧಗಳುಂಟು. ಒಂದು, ‘ಪ್ರತಿಕಾಯ’ಗಳು: ಒಂದೊಂದು ರೋಗಾಣುವಿನ ಗುರುತಿಗೆ ತಕ್ಕಂತೆ ಹೊಸದಾಗಿ ತಯಾರಾಗುವ, ಆ ಗುರುತಿಗೆ ಮಾತ್ರ ಅಂಟಿಕೊಳ್ಳುವ ಪದಾರ್ಥಗಳು. ಇವು ತಯಾರಾಗಲು ಒಂದೆರಡು ವಾರ ಹಿಡಿಯುವುದುಂಟು. ಎರಡು, ‘ಪೂರಕದ್ರವ್ಯ’ಗಳು: ಯಾವಾಗಲೂ ರಕ್ತದಲ್ಲಿ ಸಿದ್ಧವಾಗಿದ್ದು, ಪ್ರತಿಕಾಯವು ಎಲ್ಲಿ ಅಂಟಿತೋ ಅಲ್ಲಿ ಒಂದರಿಂದೊಂದು ಕೆರಳಿ, ಶತ್ರುವನ್ನು ತೂತುಮಾಡಿ, ಬಿಳಿಯ ಕಣಗಳನ್ನು ಕೂಗಿ ಕರೆಯುವ ದ್ರವ್ಯಗಳು. ಈ ಪೂರಕದ್ರವ್ಯಗಳ ಮೇಲೆ ಮಾಡಿದ ಕೆಲಸಕ್ಕಾಗಿ ಬೆಲ್ಜಿಯಂ ದೇಶದ ಬೋರ್ಡೆಗೆ ೧೯೧೯ನೆಯ ವರ್ಷದ ನೊಬೆಲ್ ಬಹುಮಾನ ಬಂದಿತು.

ಹೀಗಿರಲು, ಮೂತ್ರಪಿಂಡಕ್ಕೂ ಈ ಸೇನೆಗೂ ನಂಟು ಹೇಗೆ ಬೆಳೆಯಿತೆಂಬುದನ್ನು ನೋಡೋಣ. ೧೮೨೭ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯನು ಮೈ ಊದಿಕೊಂಡು ಸತ್ತ ರೋಗಿಗಳ ಮೂತ್ರಪಿಂಡಗಳು ಕೆಟ್ಟಿರುವುದನ್ನೂ, ಬದುಕಿದ್ದಾಗ ಅವರ ಮೂತ್ರವನ್ನು ಒಂದು ಚಮಚದಲ್ಲಿ ಹಿಡಿದು ದೀಪದ ಮೇಲೆ ಕಾಯಿಸಿದರೆ ಅದು ಮೊಟ್ಟೆಯ ಬಿಳಿಯಂತೆ ಗರಣೆಗಟ್ಟುವುದನ್ನೂ ಒಂದಕ್ಕೊಂದು ಹೊಂದಿಸಿ ಪ್ರಕಟಿಸಿದನು. ರಕ್ತದಲ್ಲಿಯೇ ಉಳಿಯಬೇಕಾದ ಆಲ್ಬುಮಿನ್ ಎಂಬ ಸತ್ತ್ವ ಜರಡಿ ಹರಿದು ಸೋರಿತೆಂಬುದೇ ಇದರ ಅರ್ಥ. ಸ್ಕಾರ್ಲೆಟ್ ಜ್ವರವೆಂಬ ಗಂಟಲಿನ ಸೋಂಕು ಬಂದು ಹೋದ ಎರಡು ಮೂರು ವಾರಗಳ ಮೇಲೆ ಮಕ್ಕಳ ಮೈ ಊದುವುದೂ ಮೂತ್ರ ಕೆಂಪಾಗುವುದೂ ಆ ಕಾಲದ ವೈದ್ಯರಿಗೆ ತಿಳಿದಿತ್ತು. ಆದರೆ ನಡುವೆ ಈ ಬಿಡುವು ಏಕೆ? ರೋಗಾಣುವೇ ಮೂತ್ರಪಿಂಡಕ್ಕೆ ಹೋಗಿ ಸೇರಿದ್ದರೆ ಅಲ್ಲಿ ಅದು ಸಿಕ್ಕಬೇಕಾಗಿತ್ತು, ಹುಡುಕಿದರೆ ಸಿಕ್ಕುತ್ತಿರಲಿಲ್ಲ.

ಉತ್ತರದ ಸುಳಿವು ವಿಯೆನ್ನಾ ನಗರದಲ್ಲಿ, ಬೇರೊಂದು ದಾರಿಯಿಂದ ದೊರೆಯಿತು. ಆಗ ಡಿಫ್ತೀರಿಯ ಎಂಬ ಗಂಟಲುಬೇನೆಗೆ ಕುದುರೆಯ ರಕ್ತದಿಂದ ತೆಗೆದ ಸೀರಮನ್ನು ಮಕ್ಕಳಿಗೆ ಚುಚ್ಚುತ್ತಿದ್ದರು. ಚುಚ್ಚಿದಾಗ ಏನೂ ಆಗದೆ, ಒಂದು ವಾರ ಹತ್ತು ದಿನಗಳ ಮೇಲೆ ಕೆಲವರಿಗೆ ಜ್ವರ, ದದ್ದು, ಕೀಲುನೋವು, ಊತ ಬರುತ್ತಿದ್ದುವು. ೧೯೦೫ರಲ್ಲಿ ಪಿರ್ಕೆ ಮತ್ತು ಷಿಕ್ ಎಂಬ ಇಬ್ಬರು ವೈದ್ಯರು ಇದನ್ನು ಕುರಿತು ಗ್ರಂಥವನ್ನು ಬರೆದರು. ಈ ಬಿಡುವು ಮತ್ತಾವುದೂ ಅಲ್ಲ, ಶರೀರವು ಪ್ರತಿಕಾಯಗಳನ್ನು ತಯಾರಿಸಲು ತೆಗೆದುಕೊಳ್ಳುವ ಕಾಲ. ಕೇಡನ್ನು ಮಾಡುವುದು ಹೊರಗಿನ ಪದಾರ್ಥವಲ್ಲ, ಅದೂ ಪ್ರತಿಕಾಯವೂ ಸಂಧಿಸುವ ಸಂಧಿ ಎಂಬುದು ಅವರ ಸಿದ್ಧಾಂತ. ರೋಗವನ್ನು ತಡೆಯಲು ಇರುವ ಬಲವೇ ರೋಗವನ್ನು ತರಬಲ್ಲುದು ಎಂಬ ಮಾತು ಆ ಕಾಲಕ್ಕೆ ವಿಪರೀತವಾಗಿ ಕೇಳಿಸಿತು.

ಮುಂದೆ ೧೯೩೦ರ ದಶಕದಲ್ಲಿ ಜಪಾನಿನ ಮಸುಗಿ ಎಂಬ ಪಂಡಿತನು ಮೊಲದ ಮೂತ್ರಪಿಂಡದ ಅಂಶವನ್ನು ಬಾತುಕೋಳಿಗೆ ಚುಚ್ಚಿ, ಬಾತುಕೋಳಿಯಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಮತ್ತೆ ಮೊಲಕ್ಕೆ ಚುಚ್ಚಿ ಮೂತ್ರಪಿಂಡದ ಉರಿಯೂತವನ್ನು ಬೇಕೆಂದೇ ಉಂಟುಮಾಡಿದನು. ಅಲ್ಲಿ ರೋಗಾಣು ಒಂದೂ ಇರಲಿಲ್ಲ. ೧೯೫೦ರ ಮತ್ತು ೧೯೬೦ರ ದಶಕಗಳಲ್ಲಿ ಅಮೆರಿಕದ ಫ್ರಾಂಕ್ ಡಿಕ್ಸನ್ ಮೊದಲಾದವರು ಮೊಲಗಳಿಗೆ ದನದ ರಕ್ತದ ಆಲ್ಬುಮಿನನ್ನು ಚುಚ್ಚಿ, ಅದು ಪ್ರತಿಕಾಯದೊಡನೆ ಹೆಣೆದುಕೊಂಡು ರಕ್ತದಲ್ಲಿ ತೇಲುತ್ತ ಬಂದು ನಾಳಗುಚ್ಛಗಳಲ್ಲಿ ಸಿಕ್ಕಿಬೀಳುವುದನ್ನು ತೋರಿಸಿದರು. ಅಷ್ಟರಲ್ಲಿ ೧೯೫೧ರಲ್ಲಿ ಡೆನ್ಮಾರ್ಕಿನ ಇಬ್ಬರು ವೈದ್ಯರು ಸೂಜಿಯಿಂದ ಬದುಕಿರುವವರ ಮೂತ್ರಪಿಂಡದ ಚೂರನ್ನು ತೆಗೆಯುವ ಉಪಾಯವನ್ನು ಪ್ರಕಟಿಸಿದ್ದರು. ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವೂ ಬಂದಿತ್ತು. ಈ ಎರಡೂ ಕೂಡಿದಾಗ ಕಾಣದಿದ್ದುದು ಕಂಡಿತು. ನಮ್ಮ ಹುಡುಗನಂಥವರ ನಾಳಗುಚ್ಛದಲ್ಲಿ ಹೊಳಪು ಅಲ್ಲಲ್ಲಿ ರವೆ ಚೆಲ್ಲಿದಂತೆ ಚುಕ್ಕೆಚುಕ್ಕೆಯಾಗಿತ್ತು. ಅಪರೂಪವಾದ ಇನ್ನೊಂದು ಘೋರ ರೋಗದಲ್ಲಿ ಮಾತ್ರ ಅದು ಆಧಾರಪೊರೆಯ ಉದ್ದಕ್ಕೂ ಎಳೆದ ಗೆರೆಯಂತಿತ್ತು. ಅಲ್ಲಿ ಪ್ರತಿಕಾಯವು ಸ್ವಂತ ಪೊರೆಯನ್ನೇ ಶತ್ರುವೆಂದು ಬಗೆದಿತ್ತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಈಗ ನಮ್ಮ ಹುಡುಗನ ವಿಷಯಕ್ಕೆ ಹಿಂದಿರುಗೋಣ. ಅವನ ಕಜ್ಜಿಯಲ್ಲಿ ಕೀವು ತುಂಬಿಸಿದುದು ಸ್ಟ್ರೆಪ್ಟೊಕಾಕಸ್ ಎಂಬ, ಮಣಿಸರದ ಆಕಾರದ ರೋಗಾಣು. ಇದರಲ್ಲಿ ಹಲವು ಪಂಗಡಗಳಿದ್ದು, ಅವುಗಳಲ್ಲಿ ಕೆಲವಕ್ಕೆ ಮಾತ್ರ ಮೂತ್ರಪಿಂಡವನ್ನು ಕೆಡಿಸುವ ಗುಣವುಂಟು. ಅಮೆರಿಕದ ಮಿನ್ನೆಸೋಟ ಪ್ರಾಂತದಲ್ಲಿ ರೆಡ್ ಲೇಕ್ ಎಂಬ ಮೂಲನಿವಾಸಿಗಳ ಸೀಮೆಯುಂಟು. ಅಲ್ಲಿ ೧೯೫೩ರಲ್ಲಿಯೂ ಮತ್ತೆ ೧೯೬೬ರಲ್ಲಿಯೂ ಚರ್ಮದ ಹುಣ್ಣುಗಳ ಬೆನ್ನಿಗೆ ಮಕ್ಕಳಲ್ಲಿ ಮೂತ್ರಪಿಂಡದ ಉರಿಯೂತ ಸಾಂಕ್ರಾಮಿಕವಾಗಿ ಹಬ್ಬಿತು. ಅದಕ್ಕೆ ಕಾರಣವಾದ ಪಂಗಡಕ್ಕೆ ೪೯ ಎಂಬ ಅಂಕೆ. ಗಂಟಲಿನ ಸೋಂಕಾದರೆ ಒಂದರಿಂದ ಮೂರು ವಾರ, ಚರ್ಮದ ಸೋಂಕಾದರೆ ಮೂರರಿಂದ ಆರು ವಾರ ಬಿಟ್ಟು ರೋಗ ತಲೆದೋರುವುದು ವಾಡಿಕೆ. ರೋಗಾಣುವಿನಿಂದ ಉದುರಿದ ಕೆಲವು ಚೂರುಗಳು ರಕ್ತದಲ್ಲಿ ಹರಿದು ಗುಚ್ಛದ ಜರಡಿಗೆ ಅಂಟುತ್ತವೆ. ಆಮೇಲೆ ತಯಾರಾಗಿ ಬಂದ ಪ್ರತಿಕಾಯಗಳು ಅವುಗಳನ್ನು ಅಲ್ಲಿಯೇ ಹಿಡಿಯುತ್ತವೆ. ಕೆಲವು ರಕ್ತದಲ್ಲಿಯೇ ಹಿಡಿದು ಹೊತ್ತುತರುತ್ತವೆ. ಪೂರಕದ್ರವ್ಯಗಳು ಕೆರಳುತ್ತವೆ. ರಕ್ತದಲ್ಲಿ ಅವುಗಳ ಪ್ರಮಾಣ ಎಷ್ಟು ಇಳಿದಿದೆಯೆಂದು ಅಳೆಯುವುದರಿಂದಲೇ ವೈದ್ಯರು ಒಳಗಿನ ಕದನವನ್ನು ಊಹಿಸುತ್ತಾರೆ.

ಇಲ್ಲಿಯವರೆಗೆ ಹೇಳಿದುದನ್ನು ಕೇಳಿದವರಿಗೆ ಮೂತ್ರಪಿಂಡವು ಪಾಪದ ಅಂಗ, ಹಾದಿಬೀದಿಯ ಜಗಳದಲ್ಲಿ ಪೆಟ್ಟುತಿಂದ ದಾರಿಹೋಕ ಎಂದು ತೋರಬಹುದು. ಬಹುಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು. ಆದರೆ ಕಳೆದ ಕೆಲವು ದಶಕಗಳ ಪರಿಶೋಧನೆ ಈ ಅಭಿಪ್ರಾಯವನ್ನು ತಿದ್ದಿದೆ. ಮೂತ್ರಪಿಂಡದ ಜೀವಕಣಗಳು ಸುಮ್ಮನೆ ಕುಳಿತು ಪೆಟ್ಟುತಿನ್ನುವುವಲ್ಲ. ಅವು ನೋಡುತ್ತವೆ, ಕೂಗುತ್ತವೆ, ಸೇನೆಯನ್ನು ಕರೆಯುತ್ತವೆ, ಸಮಯ ಬಂದಾಗ ಹಿಂದಕ್ಕೂ ಕಳುಹಿಸುತ್ತವೆ.

ನಾಳದ ಒಳಪೊರೆಯ ಕಣಗಳನ್ನೇ ನೋಡಿರಿ. ಶಾಂತಿಕಾಲದಲ್ಲಿ ಇವುಗಳ ಮೈ ನುಣುಪು. ಬಿಳಿಯ ಕಣಗಳು ಜಾರಿ ಮುಂದಕ್ಕೆ ಹೋಗುತ್ತವೆ. ಪೂರಕದ್ರವ್ಯದ ಕೂಗು ಕಿವಿಗೆ ಬಿದ್ದೊಡನೆ ಇವು ತಮ್ಮ ಮೈಮೇಲೆ ಕೊಕ್ಕೆಗಳಂಥ ಅಣುಗಳನ್ನು ಹೊರಡಿಸುತ್ತವೆ. ಹಾದುಹೋಗುವ ಬಿಳಿಯ ಕಣಗಳು ಅದಕ್ಕೆ ಸಿಕ್ಕಿ ನಿಲ್ಲುತ್ತವೆ. ಮೆಸಾಂಜಿಯಲ್ ಕಣಗಳು ತಾವೇ ಸಂಖ್ಯೆಯಲ್ಲಿ ಹೆಚ್ಚಿ, ಇನ್ನಷ್ಟು ಕಣಗಳನ್ನು ಕರೆಯುವ ದ್ರವ್ಯಗಳನ್ನು ಸುರಿಸುತ್ತವೆ. ಹೀಗೆ ಒಳಗಿನವರೂ ಹೊರಗಿನವರೂ ನೆರೆದು ಗುಚ್ಛದ ಕಿರುನಾಳಗಳ ದಾರಿ ಕಟ್ಟಿಹೋಗುತ್ತದೆ. ಸೋಸುವ ಕೆಲಸ ಕುಗ್ಗುತ್ತದೆ. ಉಪ್ಪೂ ನೀರೂ ಮೈಯಲ್ಲಿ ನಿಂತು ರೆಪ್ಪೆ ಬಾಯುತ್ತದೆ, ರಕ್ತದೊತ್ತಡ ಏರುತ್ತದೆ. ಬಿಳಿಯ ಕಣಗಳು ಶತ್ರುವಿಗೆಂದು ಉಗುಳಿದ ದ್ರವ್ಯಗಳಿಂದ ಜರಡಿಯೇ ಅಲ್ಲಲ್ಲಿ ಹರಿದು ಕೆಂಪು ಕಣಗಳು ಮೂತ್ರಕ್ಕೆ ಸೋರುತ್ತವೆ. ಹುಡುಗನು ಕಂಡ ಕಾಫಿಯ ಬಣ್ಣ ಅದೇ.

ಕಾಲುವೆಯ ಗೋಡೆಯ ಕಣಗಳ ಪಾತ್ರ ಇನ್ನೂ ಸ್ವಾರಸ್ಯವಾದುದು. ಜರಡಿ ಹರಿದಾಗ ಸೋರಿಬಂದ ಆಲ್ಬುಮಿನ್ ಮೊದಲಾದುವುಗಳನ್ನು ಹಿಂದಕ್ಕೆ ಹೀರುವ ಹೊರೆಯೆಲ್ಲ ಇವುಗಳ ಮೇಲೆ ಬೀಳುತ್ತದೆ. ಹೊರೆ ಮಿತಿಮೀರಿದರೆ ಇವು ಕಾಲುವೆಯ ಹಿಂಬದಿಗೆ, ಅಂದರೆ ಕಾಲುವೆಗಳ ನಡುವಣ ಸಂದಿಗೆ, ಬಿಳಿಯ ಕಣಗಳನ್ನು ಸೆಳೆಯುವ ದ್ರವ್ಯಗಳನ್ನು ಬಿಡುತ್ತವೆ. ರೋಗಾಣುಗಳ ಸಾಮಾನ್ಯ ಗುರುತುಗಳನ್ನು ಪತ್ತೆಹಚ್ಚುವ ‘ಟೋಲ್’ ಎಂಬ ಗ್ರಾಹಕಗಳು ಕಾವಲುಗಾರ ಕಣಗಳಲ್ಲಿರುವಂತೆ ಈ ಕಾಲುವೆಯ ಕಣಗಳಲ್ಲಿಯೂ ಉಂಟು. ಈ ಗ್ರಾಹಕಗಳ ರಹಸ್ಯವನ್ನು ಬಿಡಿಸಿದ ಬಾಯ್ಟ್ಲರ್ ಮತ್ತು ಹಾಫ್‌ಮನ್ ಎಂಬವರಿಗೂ, ಕವಲುಕಣವೆಂಬ ಕಾವಲುಗಾರನನ್ನು ಕಂಡುಹಿಡಿದ ಸ್ಟೈನ್‌ಮನ್ನನಿಗೂ ಕೂಡಿ ೨೦೧೧ನೆಯ ವರ್ಷದ ನೊಬೆಲ್ ಬಹುಮಾನ ಸಂದಿತು. ಆ ಕವಲುಕಣಗಳೂ ಅವುಗಳ ಬಂಧುಗಳಾದ ನುಂಗುಕಣಗಳೂ ಮೂತ್ರಪಿಂಡದ ಕಾಲುವೆಗಳ ನಡುವೆ ಬಲೆ ನೇಯ್ದಂತೆ ಕೈಚಾಚಿಕೊಂಡು ಸದಾ ವಾಸವಾಗಿವೆ. ಇವರು ಊರ ತಳವಾರರಿದ್ದಂತೆ. ಹೊರಗಿನಿಂದ ಬಂದ ದಂಡಿನವರಲ್ಲ.

ಈ ತಳವಾರರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಮೂತ್ರಪಿಂಡವೇ ಗೊತ್ತುಮಾಡುತ್ತದೆ. ಪಿಂಡದ ಒಳಭಾಗದಲ್ಲಿ ಉಪ್ಪಿನಂಶ ಬಹಳ ಹೆಚ್ಚು. ನೀರನ್ನು ಉಳಿಸಿಕೊಳ್ಳಲು ಇದು ಅವಶ್ಯಕ. ರಕ್ತಕ್ಕಿಂತ ನಾಲ್ಕರಷ್ಟು ಸಾಂದ್ರತೆಯವರೆಗೆ ಅದು ಏರಬಲ್ಲುದು. ಮೂತ್ರಕೋಶದ ಕಡೆಯಿಂದ ಮೇಲಕ್ಕೆ ಹತ್ತಿಬರುವ ರೋಗಾಣುಗಳು ಮೊದಲು ತಲಪುವುದೂ ಆ ಒಳಭಾಗವನ್ನೇ. ಅಲ್ಲಿಯ ಕಾಲುವೆಯ ಕಣಗಳು ಉಪ್ಪಿನ ಸಾಂದ್ರತೆಯನ್ನು ಗುರುತಿಸಿ, ನುಂಗುಕಣಗಳನ್ನು ಸೆಳೆಯುವ ದ್ರವ್ಯಗಳನ್ನು ಹೊರಡಿಸಿ, ಕಾವಲನ್ನು ಅಲ್ಲಿಯೇ ಬಿಗಿಮಾಡುವುವೆಂದು ೨೦೧೭ರಲ್ಲಿ ಪ್ರಕಟವಾದ ಪರಿಶೋಧನೆ ತಿಳಿಸುತ್ತದೆ. ನೀರಿಗಾಗಿ ಕೂಡಿಸಿಟ್ಟ ಉಪ್ಪು ಕಾವಲಿಗೂ ಒದಗಿತು! ಇದಲ್ಲದೆ ಕಾಲುವೆಯ ಒಂದು ಭಾಗದ ಕಣಗಳು ಯುರೊಮಾಡ್ಯುಲಿನ್ ಎಂಬ ನಾರಿನಂಥ ಪದಾರ್ಥವನ್ನು ಮೂತ್ರಕ್ಕೆ ಬಿಡುತ್ತವೆ. ೧೯೫೦ರಲ್ಲಿ ಟಾಮ್ ಮತ್ತು ಹಾರ್ಸ್‌ಫಾಲ್ ಎಂಬವರು ಇದನ್ನು ವರ್ಣಿಸಿದರು. ಕಾಲುವೆಯ ಗೋಡೆಗೆ ಕಚ್ಚಿಕೊಳ್ಳಬೇಕೆಂದು ರೋಗಾಣು ಚಾಚಿದ ಕೂದಲುಗಳಿಗೆ ಇದು ಸುತ್ತಿಕೊಂಡು, ಅದನ್ನು ಮೂತ್ರದೊಡನೆ ಹೊರಗೆ ತೇಲಿಸಿಬಿಡುತ್ತದೆ. ಕದನವಿಲ್ಲದೆ ಗೆಲ್ಲುವ ಉಪಾಯವಿದು.

ಉರಿ ಹತ್ತಲು ರೋಗಾಣುವೇ ಬೇಕೆಂಬ ನಿಯಮವೂ ಇಲ್ಲ. ನಮ್ಮ ಹೊಲಗದ್ದೆಗಳಲ್ಲಿ ಕೊಳಕುಮಂಡಲದ ಹಾವು ಕಚ್ಚಿದವರಿಗೆ, ವಾಂತಿಭೇದಿಯಿಂದ ಮೈಯ ನೀರೆಲ್ಲ ಬತ್ತಿದವರಿಗೆ ಕಾಲುವೆಯ ಕಣಗಳು ಗುಂಪುಗುಂಪಾಗಿ ಸಾಯುವುದುಂಟು. ಸತ್ತು ಒಡೆದ ಕಣದ ಒಳಸಾಮಾನುಗಳು ಹೊರಗೆ ಚೆಲ್ಲಿದರೆ ಅದನ್ನೇ ಕಾವಲುಗಾರರು ಅಪಾಯದ ಕರೆಯೆಂದು ತಿಳಿಯುತ್ತಾರೆ. ಸೇನೆ ಬರುತ್ತದೆ, ಶತ್ರುವಿಲ್ಲದ ಊರಿನಲ್ಲಿ ದಂಡಿಳಿದಂತಾಗುತ್ತದೆ.

ಹಾಗಾದರೆ ಹತ್ತಿದ ಉರಿ ಆರುವುದು ಹೇಗೆ? ನನ್ನ ಎಣಿಕೆಯಲ್ಲಿ ಈ ವಿಷಯದಲ್ಲೆಲ್ಲ ಅತ್ಯಂತ ಆಶ್ಚರ್ಯಕರವಾದ ಭಾಗವಿದು. ಬೆಂಕಿ ತಾನಾಗಿ ನಂದುವುದೆಂದು ಹಿಂದೆ ಎಣಿಸಿದ್ದರು. ಹಾಗಲ್ಲ, ಆರಿಸುವುದೂ ಒಂದು ಕೆಲಸ, ಅದಕ್ಕೂ ಕೆಲಸಗಾರರುಂಟು. ಮೊದಲು ಬಂದ ಬಿಳಿಯ ಕಣಗಳು ಅಲ್ಪಾಯುಗಳು. ಕೆಲಸ ಮುಗಿಸಿ ಸಾಯುತ್ತವೆ. ನುಂಗುಕಣಗಳು ಈ ಶವಗಳನ್ನು ನುಂಗುತ್ತವೆ, ಮತ್ತು ನುಂಗಿದುದರಿಂದಲೇ ಅವುಗಳ ಸ್ವಭಾವ ಬದಲಾಗುತ್ತದೆ. ಇದುವರೆಗೆ ಕದನಕ್ಕೆ ಕೂಗುತ್ತಿದ್ದ ಕಣವೇ ಈಗ ಶಾಂತಿಯ ದ್ರವ್ಯಗಳನ್ನೂ ದುರಸ್ತಿಯ ದ್ರವ್ಯಗಳನ್ನೂ ಸುರಿಸತೊಡಗುತ್ತದೆ. ಬದುಕಿ ಉಳಿದ ಕಾಲುವೆಯ ಕಣಗಳು ತಮ್ಮ ವಿಶೇಷ ಕೆಲಸವನ್ನು ಕೆಲದಿನ ಬಿಟ್ಟು, ಒಡೆದು ಎರಡಾಗಿ, ಬರಿದಾದ ಗೋಡೆಯನ್ನು ಮತ್ತೆ ಹೊದಿಸುತ್ತವೆ. ಈ ದುರಸ್ತಿಯ ಕಣಗಳನ್ನು ಪೋಷಿಸುವ ದ್ರವ್ಯವನ್ನು ಒದಗಿಸುವವರಲ್ಲಿ ಕಾಲುವೆಯ ಕಣಗಳೂ ಸೇರಿವೆ. ಗುಚ್ಛದಲ್ಲಿ ಹೆಚ್ಚಾಗಿದ್ದ ಮೆಸಾಂಜಿಯಲ್ ಕಣಗಳು ತಾವಾಗಿಯೇ ಅಳಿದು ಸಂಖ್ಯೆ ಮೊದಲಿನಂತಾಗುತ್ತದೆ. ಆದುದರಿಂದಲೇ ಕಜ್ಜಿಯ ಬೆನ್ನಿಗೆ ಬಂದ ಉರಿಯೂತದಿಂದ ಮಕ್ಕಳಲ್ಲಿ ಬಹುಮಂದಿ ಪೂರ್ಣವಾಗಿ ಗುಣಹೊಂದುತ್ತಾರೆ. ಪೂರಕದ್ರವ್ಯಗಳ ಪ್ರಮಾಣ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಮೊದಲಿನ ಸ್ಥಿತಿಗೆ ಬರುತ್ತದೆ. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಕೆಂಪು ಕಣಗಳು ಮೂತ್ರದಲ್ಲಿ ಕೆಲವು ತಿಂಗಳು ಉಳಿಯುವುದುಂಟು.

ಆದರೆ ಎಲ್ಲ ಕಡೆಯೂ ಹೀಗೆ ಶುಭವಾಗಿ ಮುಗಿಯುವುದಿಲ್ಲ. ಉರಿ ಮರುಕಳಿಸುತ್ತಲೇ ಇದ್ದರೆ, ಅಥವಾ ಆರದೆ ಸಣ್ಣಗೆ ಹೊಗೆಯಾಡುತ್ತಲೇ ಇದ್ದರೆ, ದುರಸ್ತಿಯ ಕೆಲಸವೇ ಅತಿಯಾಗುತ್ತದೆ. ಕಾಲುವೆಗಳ ನಡುವಣ ನಾರುಕಣಗಳು ಹಗ್ಗದಂಥ ನಾರನ್ನು ಒಂದೇ ಸಮನೆ ಹೊಸೆದು ಸಂದಿಯನ್ನೆಲ್ಲ ತುಂಬಿಬಿಡುತ್ತವೆ. ಕೆರೆಯಲ್ಲಿ ಹೂಳು ತುಂಬಿದಂತೆ ಇದು. ತೂಬು ಇದೆ, ಏರಿ ಇದೆ, ನೀರು ನಿಲ್ಲಲು ಎಡೆಯಿಲ್ಲ. ರಕ್ತವನ್ನು ಹೆಚ್ಚಿಸುವ ಎರಿಥ್ರೊಪೊಯಿಟಿನ್ ಎಂಬ ದ್ರವ್ಯವನ್ನು ತಯಾರಿಸುವವರೂ ಈ ನಾರುಕಣಗಳ ಬಳಗದವರೇ. ಅವು ನಾರು ಹೊಸೆಯುವುದರಲ್ಲಿ ತೊಡಗಿದರೆ ಆ ಕೆಲಸ ನಿಲ್ಲುತ್ತದೆ. ಬಹುಕಾಲದ ಮೂತ್ರಪಿಂಡ ರೋಗಿಗಳು ರಕ್ತಹೀನರಾಗಿ ಬಿಳಿಚಿಕೊಳ್ಳಲು ಇದು ಮುಖ್ಯ ಕಾರಣ. ಇನ್ನು ಪಾದಕಣಗಳಿಗೆ ಒಡೆದು ಎರಡಾಗುವ ಶಕ್ತಿ ಇಲ್ಲವೆಂದೇ ಹೇಳಬೇಕು. ಅವು ಒಂದು ಮಿತಿಯನ್ನು ಮೀರಿ ಉದುರಿದರೆ ಆ ಗುಚ್ಛವು ಗಂಟುಕಟ್ಟಿ ನಿಷ್ಫಲವಾಗುತ್ತದೆ. ಹೋದ ಗುಚ್ಛಕ್ಕೆ ಬದಲು ಹೊಸದು ಹುಟ್ಟುವುದಿಲ್ಲ. ತಾಯ ಗರ್ಭದಲ್ಲಿದ್ದಾಗ ಪಡೆದುಬಂದುದೇ ನಮ್ಮ ಆಯುಷ್ಯದ ಬಂಡವಾಳ. ಬಂಡವಾಳ ದೊಡ್ಡದು, ನಿಜ. ಆದುದರಿಂದಲೇ ಅರ್ಧಕ್ಕಿಂತ ಹೆಚ್ಚು ಕರಗುವವರೆಗೂ ನಮಗೆ ಏನೂ ತಿಳಿಯುವುದಿಲ್ಲ.

ಇಷ್ಟೆಲ್ಲ ತಿಳಿದುದರಿಂದ ಚಿಕಿತ್ಸೆಗೆ ಏನು ಪ್ರಯೋಜನವೆಂದು ಕೇಳಬಹುದು. ಉರಿ ಯಾವ ಬಗೆಯದೆಂದು ತಿಳಿದರೆ ಆರಿಸುವ ದಾರಿಯೂ ತಿಳಿಯುತ್ತದೆ. ಪ್ರತಿಕಾಯವು ಸ್ವಂತ ಪೊರೆಯ ಮೇಲೆಯೇ ಬಿದ್ದಿದ್ದರೆ, ರಕ್ತದ ದ್ರವವನ್ನು ಬದಲಾಯಿಸಿ ಅದನ್ನು ತೆಗೆದುಹಾಕಿ, ಸೇನೆಯನ್ನು ಬಲವಾದ ಔಷಧಗಳಿಂದ ಅಡಗಿಸಬೇಕು. ದಿನಗಳ ವಿಳಂಬವೂ ಅಲ್ಲಿ ಸಲ್ಲದು. ಪೂರಕದ್ರವ್ಯಗಳ ಕೆರಳಿಕೆಯನ್ನೇ ನಡುವೆ ತಡೆಯುವ ಔಷಧಗಳು ಕೆಲವು ರೋಗಗಳಿಗೆ ಈಗ ಬಂದಿವೆ. ನಮ್ಮ ಹುಡುಗನಿಗಾದರೋ ಸಾಮಾನ್ಯವಾಗಿ ಸೇನೆಯನ್ನು ಅಡಗಿಸುವ ಅಗತ್ಯವಿಲ್ಲ. ಅದು ತಾನೇ ಹಿಂದಿರುಗುವವರೆಗೆ ಉಪ್ಪನ್ನೂ ನೀರನ್ನೂ ಮಿತಿಗೊಳಿಸಿ, ರಕ್ತದೊತ್ತಡವನ್ನು ಇಳಿಸಿ ಅವನನ್ನು ಕಾಪಾಡಿಕೊಳ್ಳಬೇಕು. ಈ ಒತ್ತಡವೇ ಮುಖ್ಯವಾದ ಅಪಾಯ. ಅದು ಒಮ್ಮೆಲೇ ಏರಿ ಮಗುವಿಗೆ ಫಿಟ್ಸು ಬರಬಹುದು, ಶ್ವಾಸಕೋಶದಲ್ಲಿ ನೀರು ನಿಂತು ಉಸಿರು ಕಟ್ಟಬಹುದು. ಆದುದರಿಂದ ಇದು ಮನೆಯಲ್ಲಿಟ್ಟುಕೊಂಡು ಕಾಯುವ ರೋಗವಲ್ಲ, ವೈದ್ಯರ ಕೈಗೆ ಒಪ್ಪಿಸುವ ರೋಗ. ಪೆನಿಸಿಲಿನ್ ಮೊದಲಾದ ಔಷಧಗಳು ಉಳಿದ ರೋಗಾಣುವನ್ನು ಕೊಂದು, ಅದು ಮನೆಯ ಇತರ ಮಕ್ಕಳಿಗೆ ಹರಡುವುದನ್ನು ತಪ್ಪಿಸುತ್ತವೆ. ಹತ್ತಿದ ಉರಿಯನ್ನು ಅವು ಆರಿಸಲಾರವು.

ಕೊನೆಯದಾಗಿ ಎರಡು ಮಾತು. ಕಜ್ಜಿಯನ್ನು ಕ್ಷುದ್ರವೆಂದು ಭಾವಿಸಬಾರದು. ಸಾಬೂನು, ಶುದ್ಧವಾದ ನೀರು, ಒಗೆದ ಬಟ್ಟೆ, ತಕ್ಕ ಕಾಲದಲ್ಲಿ ಔಷಧ, ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹುರುಕಿನ ಚಿಕಿತ್ಸೆ — ಇವು ಚರ್ಮವನ್ನು ಕಾಯುವಂತೆ ಮೂತ್ರಪಿಂಡವನ್ನೂ ಕಾಯುತ್ತವೆ. ಎರಡನೆಯದು, ಬೆಳಗ್ಗೆ ಎದ್ದ ಮಗುವಿನ ಮುಖವನ್ನು ನೋಡಿರಿ. ರೆಪ್ಪೆ ಬಾತಿದ್ದರೆ ಮೂತ್ರದ ಬಣ್ಣವನ್ನು ಕೇಳಿರಿ. ಅಜ್ಜಿಯ ನಿವಾಳಿಯನ್ನು ನಾನು ಬೇಡವೆನ್ನುವುದಿಲ್ಲ, ಅದರಲ್ಲಿ ಪ್ರೀತಿಯುಂಟು. ನಿವಾಳಿಸಿದ ಮೇಲೆ ಅದೇ ಹೊತ್ತಿನಲ್ಲಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡುಹೋಗಿ ಮೂತ್ರವನ್ನು ಪರೀಕ್ಷೆ ಮಾಡಿಸಿ, ರಕ್ತದೊತ್ತಡವನ್ನು ನೋಡಿಸಿದರೆ ಸಾಕು. ಬ್ರೈಟನು ಒಂದು ಚಮಚ, ಒಂದು ದೀಪ ಇಷ್ಟರಿಂದಲೇ ಕಂಡುದನ್ನು ಇಂದು ಒಂದು ಕಾಗದದ ಪಟ್ಟಿ ನಿಮಿಷದಲ್ಲಿ ತೋರಿಸುತ್ತದೆ. ಒಳಗಿನ ಉರಿಗೆ ಹೊಗೆಯಿಲ್ಲವೆಂದು ಮೊದಲು ಹೇಳಿದೆನಷ್ಟೆ. ಹೊಗೆ ಇಲ್ಲದಿಲ್ಲ; ಅದು ಬರುವ ದಾರಿ ಬೇರೆ. ಆ ದಾರಿಯ ಕಡೆ ಕಣ್ಣಿಟ್ಟಿರುವುದು ಮನೆಯ ಹಿರಿಯರ ಕೆಲಸ.